ಹಾಯಿಯನ್ನು ಕುಗ್ಗಿಸುವ ಕಾಲ

ತೆರೆದ ಕಡಲಿನಲ್ಲಿ ಬಿರುಗಾಳಿ ಎದ್ದಾಗ ಸಣ್ಣ ಹಾಯಿದೋಣಿಯ ನಾವಿಕನು ಮಾಡಬೇಕಾದ ಮೊದಲ ಕೆಲಸವೆಂದರೆ ಹಾಯಿಯನ್ನು ಕುಗ್ಗಿಸುವುದು. ಗಾಳಿ ಹೆಚ್ಚಿದಷ್ಟೂ ಲಾಭವೆಂದು ಪೂರ್ಣ ಹಾಯಿಯನ್ನು ಬಿಚ್ಚಿಟ್ಟವನ ಹಾಯಿಕಂಬ ಮುರಿಯುತ್ತದೆ, ಇಲ್ಲವೇ ದೋಣಿ ಮಗುಚುತ್ತದೆ. ಕುಗ್ಗಿಸಬೇಕೆಂಬ ಯೋಚನೆ ಬಂದೊಡನೆ ಕುಗ್ಗಿಸಬೇಕು, ತಡವಾದರೆ ಅದು ಕೈಗೆ ಬಾರದು ಎಂಬುದು ಅನುಭವಿಗಳ ಮಾತು.

1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯು, ಎಲ್ಲಿಯೂ ತಂಗದೆ ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿಬರುವ ಸ್ಪರ್ಧೆಯನ್ನು ಏರ್ಪಡಿಸಿತು. ಮೊದಲು ಮರಳಿದವರಿಗೆ ಪಾರಿತೋಷಕ, ಅತಿ ಕಡಿಮೆ ಅವಧಿಯಲ್ಲಿ ಮುಗಿಸಿದವರಿಗೆ 5,000 ಪೌಂಡು. ಹೊರಟವರು ಒಂಬತ್ತು ಮಂದಿ. ಅವರಲ್ಲೊಬ್ಬರಾದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ‘ಸುಹೈಲಿ’ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. 32 ಅಡಿ ಉದ್ದ, ಭಾರ ಹೆಚ್ಚು, ವೇಗ ಕಡಿಮೆ. ದಕ್ಷಿಣ ಸಾಗರದಲ್ಲಿ ಅಲೆಯೊಂದು ಅದನ್ನು ಪಕ್ಕಕ್ಕೆ ಕೆಡವಿತು. ಮುಂದೆ ತಾನಾಗಿ ದಿಕ್ಕನ್ನು ಕಾಯುವ ಸಾಧನವೂ ಮುರಿಯಿತು. ಬಿರುಗಾಳಿಯಲ್ಲಿ ಅವರು ಹಾಯಿಗಳನ್ನು ಇಳಿಸಿ, ದಪ್ಪ ಹಗ್ಗವನ್ನು ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ಹಗ್ಗದ ಎಳೆತವು ವೇಗವನ್ನು ತಗ್ಗಿಸಿ, ದೋಣಿಯು ಅಲೆಗೆ ಅಡ್ಡ ತಿರುಗದಂತೆ ಹಿಡಿಯುತ್ತಿತ್ತು.

ಅದೇ ಸ್ಪರ್ಧೆಯ ಡೊನಾಲ್ಡ್ ಕ್ರೌಹರ್ಸ್ಟ್ ಒಬ್ಬ ವ್ಯಾಪಾರಿ, ವ್ಯಾಪಾರ ಕುಸಿಯುತ್ತಿತ್ತು. ಹಣ ಹೂಡಿದವನೊಡನೆ ಆದ ಕರಾರಿನಂತೆ, ಯಾತ್ರೆಯನ್ನು ಕೈಬಿಟ್ಟರೆ ದೋಣಿಯನ್ನು ಅವರೇ ಕೊಳ್ಳಬೇಕಿತ್ತು. ಮನೆಯೂ ಉದ್ಯಮವೂ ಒತ್ತೆಯಾಗಿದ್ದವು. ಸಿದ್ಧತೆ ಮುಗಿಯದಿದ್ದರೂ ಕಡೆಯ ದಿನವಾದ 1968ರ ಅಕ್ಟೋಬರ್ 31ರಂದು ಹೊರಟರು. ದೋಣಿಗೆ ನೀರು ಸೋರತೊಡಗಿತು. ಮುಂದೆ ಹೋದರೆ ಮರಣಭಯ, ಹಿಂದಿರುಗಿದರೆ ದಿವಾಳಿ. ಅವರು ಅಟ್ಲಾಂಟಿಕ್ ಸಾಗರದಲ್ಲಿಯೇ ಉಳಿದು, ಸುಳ್ಳು ಸ್ಥಾನಗಳನ್ನು ರೇಡಿಯೋ ಮೂಲಕ ತಿಳಿಸತೊಡಗಿದರು. ದಿನಚರಿಯ ಕೊನೆಯ ಬರಹ 1969ರ ಜುಲೈ 1ರದು. ಜುಲೈ 10ರಂದು ದೋಣಿ ಸಿಕ್ಕಿತು, ಮನುಷ್ಯನು ಸಿಗಲಿಲ್ಲ.

ಕ್ರೌಹರ್ಸ್ಟ್ ಅವರನ್ನು ಕೇವಲ ವಂಚಕನೆಂದು ಕರೆದು ಪುಸ್ತಕ ಮುಚ್ಚುವುದು ಸುಲಭ. ಆದರೆ ಅವರ ಕರಾರಿನಲ್ಲಿ ಕುಗ್ಗಿಸಲು ಬರುವ ಹಾಯಿಯೇ ಇರಲಿಲ್ಲವೆಂಬುದನ್ನು ವ್ಯವಹಾರಸ್ಥರು ಗಮನಿಸಬೇಕು. ಸೋಲನ್ನು ಒಪ್ಪಿಕೊಳ್ಳಲು ಮನೆಯನ್ನೇ ತೆರಬೇಕಾದಲ್ಲಿ, ಸತ್ಯ ನುಡಿಯಬಲ್ಲವರು ವಿರಳ.

ನಾಕ್ಸ್-ಜಾನ್‌ಸ್ಟನ್ 1969ರ ಏಪ್ರಿಲ್ 22ರಂದು ಫಾಲ್ಮತ್ ಬಂದರಿಗೆ ಮರಳಿದರು. ಯಾತ್ರೆ ಮುಗಿಸಿದವರು ಅವರೊಬ್ಬರೇ. ಆದ್ದರಿಂದ ಎರಡು ಬಹುಮಾನಗಳೂ ಅವರವಾದವು. 5,000 ಪೌಂಡನ್ನು ಅವರು ಕ್ರೌಹರ್ಸ್ಟ್ ಅವರ ಪತ್ನಿ ಮತ್ತು ನಾಲ್ವರು ಮಕ್ಕಳಿಗೆ ಕೊಟ್ಟರು. ಸುಳ್ಳು ಲೆಕ್ಕ ಬಯಲಾದ ಮೇಲೂ ಹಿಂದಕ್ಕೆ ಪಡೆಯಲಿಲ್ಲ.

ಸಾಲ ಎತ್ತುವವನು ಗಾಳಿ ಶಾಂತವಾಗಿರುವಾಗಲೇ ಹಿಂದಿರುಗುವ ದಾರಿಯನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಸಾಲ ಕೊಡುವವನು ಆ ದಾರಿಯನ್ನು ಮುಚ್ಚದಿರಬೇಕು. ಬಿರುಗಾಳಿ ಎದ್ದ ಮೇಲೆ ಷರತ್ತುಗಳನ್ನು ತಿದ್ದಲಾಗದು.