ಚನ್ನಪಟ್ಟಣದ ಬೊಂಬೆಗಾರರ ಬೀದಿಯಲ್ಲಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯಲ್ಲಿ, ರಾಮನಗರದ ಬಂಡೆಬೆಟ್ಟಗಳನ್ನು ಹಿಂದಕ್ಕೆ ಬಿಟ್ಟು ಸ್ವಲ್ಪ ಮುಂದರಿದರೆ, ರಾಜಧಾನಿಗೆ ಸುಮಾರು 60 ಕಿಲೋಮೀಟರು ದೂರದಲ್ಲಿ ಚನ್ನಪಟ್ಟಣವು ಸಿಕ್ಕುವುದು. ಈ ಊರನ್ನು ಕಾಣದವರೂ ಇದರ ಬೊಂಬೆಗಳನ್ನು ಕಂಡಿರುವರು. ಕೂಸಿನ ಕೈಯ ಗಿಲಕಿ, ಬುಗುರಿ, ಮಕ್ಕಳು ಅಡಿಗೆಯಾಟವಾಡುವ ಪುಟ್ಟ ಪಾತ್ರೆಗಳು, ದಾರ ಕಟ್ಟಿ ಎಳೆಯುವ ಗಾಲಿಯ ಕುದುರೆ—ಇವುಗಳಲ್ಲಿ ಒಂದಾದರೂ ಹೊಕ್ಕಿರದ ಮನೆಯು ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬೇಕು.

ನಮ್ಮ ಊರಿನ ಸೇವಾಸಂಘವು ಕಣ್ಣಿನ ಚಿಕಿತ್ಸೆಯ ಶಿಬಿರ, ಬಡ ವಿದ್ಯಾರ್ಥಿಗಳಿಗೆ ಪುಸ್ತಕದಾನ ಮುಂತಾದ ಕಾರ್ಯಗಳನ್ನು ನಡೆಸುತ್ತ ಬಂದಿರುವುದು. ಸ್ಥಳೀಯ ಉತ್ಪಾದಕರಿಗೆ ನೆರವಾಗುವುದು ಹೇಗೆಂಬ ಪ್ರಶ್ನೆಯು ಈಚಿನ ಸಭೆಯೊಂದರಲ್ಲಿ ಹುಟ್ಟಿದಾಗ, ಉಪನ್ಯಾಸವನ್ನು ಕೇಳುವುದಕ್ಕಿಂತ ಕಣ್ಣಾರೆ ಕಂಡು ಬರುವುದೇ ಲೇಸೆಂದು ಎಲ್ಲರೂ ಒಪ್ಪಿದರು. ವ್ಯಾಪಾರಿಗಳು, ವೈದ್ಯರು, ವಕೀಲರು, ಬ್ಯಾಂಕಿನ ನಿವೃತ್ತ ಅಧಿಕಾರಿಯೊಬ್ಬರು, ಇವರೊಡನೆ ನಾವೂ ಹೊರಟೆವು. ಹಿರಿಯ ಕುಶಲಕರ್ಮಿಯೊಬ್ಬರನ್ನು ಸನ್ಮಾನಿಸುವುದಕ್ಕಾಗಿ ಒಂದು ಶಾಲು, ಹಾರ ಮತ್ತು ಹಣ್ಣಿನ ಬುಟ್ಟಿಯೂ ನಮ್ಮ ಸಂಗಡ ಪ್ರಯಾಣಮಾಡಿದುವು.

ನಾವು ಮೊದಲು ಹೊಕ್ಕ ಕಾರ್ಖಾನೆಯು ಮನೆಯ ಮುಂದಿನ ಒಂದೇ ಅಂಕಣದ್ದು. ಮೂಲೆಯಲ್ಲಿ ಮರದ ತುಂಡುಗಳನ್ನು ಒಟ್ಟಿದ್ದರು. ಇಲ್ಲಿಯ ಕೆಲಸಕ್ಕೆ ಪರಂಪರೆಯಿಂದ ಬಂದುದು ಆಲೆಯ ಮರ. ಅದು ದಂತದಂತೆ ಬೆಳ್ಳಗೆ, ಹಗುರಾಗಿ, ನುಣುಪಾದ ಎಳೆಯುಳ್ಳದ್ದು. ಚೆನ್ನಾಗಿ ಒಣಗಿದ ತುಂಡನ್ನು ಲೇತ್ ಎಂಬ ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಅದು ಗಿರ್ರನೆ ತಿರುಗುತ್ತಿರುವಾಗ ಉಳಿಯನ್ನು ಹಿಡಿದರೆ, ನೋಡುನೋಡುತ್ತಿರುವಂತೆಯೇ ಬುಗುರಿಯ ಆಕಾರವು ಮೂಡುವುದು. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುವರು. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದು. ಕುಂಚವೂ ಬೇಡ, ಒಲೆಯೂ ಬೇಡ. ಕಡೆಯಲ್ಲಿ ಕೇದಿಗೆಯ ಜಾತಿಯ ಒಣ ಎಲೆಯಿಂದ ಒತ್ತಿ ಉಜ್ಜಿದರೆ ಕನ್ನಡಿಯ ಹೊಳಪು ಬರುವುದು.

ಸಂಸ್ಕೃತದಲ್ಲಿ ಅರಗಿಗೆ ಲಾಕ್ಷಾ ಎಂದೂ ಜತು ಎಂದೂ ಹೆಸರು. ಪಾಂಡವರನ್ನು ಸುಡುವುದಕ್ಕಾಗಿ ವಾರಣಾವತದಲ್ಲಿ ಕಟ್ಟಿಸಿದ ಜತುಗೃಹದಲ್ಲಿ ಸೇರಿದ್ದುದು ಇದೇ ವಸ್ತು. ಅಲ್ಲಿ ಕೇಡಿಗೆ ಸಾಧನವಾದುದು ಇಲ್ಲಿ ಕೂಸುಗಳ ನಲಿವಿಗೆ ಕಾರಣವಾಗಿರುವುದು! ಹಳದಿಗೆ ಅರಿಸಿನ, ನೀಲಿಗೆ ನೀಲಿಯ ಗಿಡ, ಹೀಗೆ ಸಸ್ಯಗಳಿಂದ ತೆಗೆದ ಬಣ್ಣಗಳನ್ನು ಅರಗಿಗೆ ಬೆರೆಸುವ ಪದ್ಧತಿಯುಂಟು. ರಾಸಾಯನಿಕ ಬಣ್ಣಗಳೂ ಬಳಕೆಯಲ್ಲಿರುವುದರಿಂದ, ಎಲ್ಲವನ್ನೂ ಬಾಯಿಗಿಡುವ ಎಳೆಯ ಮಕ್ಕಳಿಗಾಗಿ ಕೊಳ್ಳುವ ಗೃಹಿಣಿಯರು ಯಾವ ಬಣ್ಣವೆಂದು ಕೇಳಿ ಕೊಳ್ಳುವುದು ಉತ್ತಮ.

ಟಿಪ್ಪು ಸುಲ್ತಾನನು ಪರ್ಷಿಯಾ ದೇಶದಿಂದ ಕುಶಲಿಗಳನ್ನು ಕರೆಯಿಸಿ ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದನೆಂದು ಜನರು ಹೇಳುವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬವಾಸ್ ಮಿಯಾ ಎಂಬವರು ಜಪಾನೀ ಕ್ರಮಗಳನ್ನು ಅಳವಡಿಸಿ ಇದನ್ನು ಬೆಳೆಯಿಸಿದರೆಂಬ ಖ್ಯಾತಿಯೂ ಉಂಟು. 2005-06ನೆಯ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಎಂದರೆ, ಬೇರೆಡೆಯಲ್ಲಿ ಮಾಡಿದ ವಸ್ತುವನ್ನು ಈ ಹೆಸರಿನಿಂದ ಮಾರುವುದು ನ್ಯಾಯವಿರುದ್ಧವಾಯಿತು.

ಆದರೆ ಹೆಸರಿನಿಂದ ಹೊಟ್ಟೆ ತುಂಬುವುದುಂಟೆ? ಮೊದಲು ಮೈಸೂರಿಗೆ ಹೋಗುವ ಬಂಡಿಗಳೆಲ್ಲ ಊರೊಳಗಿನಿಂದಲೇ ಸಾಗುತ್ತಿದ್ದುವು. ಪ್ರಯಾಣಿಕರು ಕಾಫಿಗೆ ಇಳಿದು ಮಕ್ಕಳಿಗೊಂದು ಬೊಂಬೆಯನ್ನು ಕೊಳ್ಳುತ್ತಿದ್ದರು. 2023ನೆಯ ಮಾರ್ಚಿಯಲ್ಲಿ ಉದ್ಘಾಟಿತವಾದ ಹೊಸ ಹೆದ್ದಾರಿಯು ಊರನ್ನು ಹೊರಗಿನಿಂದ ಬಳಸಿ ಹೋಗುವುದು. ದಾರಿಯು ಚುರುಕಾಯಿತು, ಅಂಗಡಿಬೀದಿಯು ಮಂಕಾಯಿತು. ಎರಡೂ ನಿಜವೇ.

ಯಂತ್ರದ ಮುಂದೆ ಕುಳಿತಿದ್ದ ಹಿರಿಯರು ನಮ್ಮ ಶಾಲನ್ನು ವಿನಯದಿಂದ ಸ್ವೀಕರಿಸಿದರು. ಸಂಘದಿಂದ ಇನ್ನೇನಾಗಬೇಕೆಂದು ನಮ್ಮವರು ವಿಚಾರಿಸಲು, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕಷ್ಟವನ್ನು ತಿಳಿಸಿದರು. ಮರವನ್ನೂ ಅರಗನ್ನೂ ರೊಕ್ಕ ಕೊಟ್ಟೇ ತರಬೇಕು. ಮಾಲನ್ನು ಒಯ್ದ ವರ್ತಕರು ಹಣವನ್ನು ಎರಡು ಮೂರು ತಿಂಗಳ ಮೇಲೆ ಕೊಡುವರು. ಆ ನಡುವೆ ಯಂತ್ರವು ನಿಲ್ಲುವುದು; ಯಂತ್ರವು ನಿಂತ ಮನೆಯ ಮಗನು ಬೆಂಗಳೂರಿನ ಕೂಲಿಯನ್ನು ಹುಡುಕಿಕೊಂಡು ಹೋಗುವನು. ಅವರ ಇಬ್ಬರು ಮಕ್ಕಳಲ್ಲಿ ಒಬ್ಬನು ಆಗಲೇ ಹೋಗಿದ್ದನು. ಹೋದವನು ಉಳಿಯನ್ನು ಮತ್ತೆ ಹಿಡಿಯುವನೆಂಬ ನಂಬಿಕೆಯಿಲ್ಲವೆಂದು ಅವರು ಹೇಳಿದಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಬ್ಯಾಂಕಿನ ಅಧಿಕಾರಿಗಳು ಆಗ ಕೆಲವು ಸಂಗತಿಗಳನ್ನು ವಿವರಿಸಿದರು. 2006ನೆಯ ಇಸವಿಯ ಸಣ್ಣ ಉದ್ಯಮಗಳ ಕಾಯಿದೆಯಂತೆ, ನೋಂದಣಿಯಾದ ಕಿರು ಉತ್ಪಾದಕನಿಂದ ಮಾಲನ್ನು ಕೊಂಡವನು, ಬರೆಹದ ಕರಾರಿದ್ದರೂ ಸಹ, 45 ದಿನಗಳೊಳಗೆ ಹಣವನ್ನು ಸಲ್ಲಿಸಬೇಕು. ಕರಾರಿಲ್ಲದಿದ್ದರೆ 15 ದಿನಗಳೇ ಗಡುವು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿಯು ಬೀಳುವುದು. 2023ನೆಯ ಸೆಪ್ಟೆಂಬರು 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ಮಾಡುವುದೂ ಸೇರಿದೆ. ಅದರಲ್ಲಿ ಅಡವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಬಳಿಕ 2 ಲಕ್ಷ ರೂಪಾಯಿಗಳ ವರೆಗೆ, ನೂರಕ್ಕೆ 5ರ ಬಡ್ಡಿಯಂತೆ ಸಾಲವು ದೊರೆಯುವುದು. ಉಪಕರಣಗಳಿಗೆಂದು 15,000 ರೂಪಾಯಿಗಳ ವರೆಗೆ ಸಹಾಯವೂ ಉಂಟು. ಕಾಯಿದೆಯನ್ನು ಬಲ್ಲ ಹಿರಿಯರು ನಸುನಕ್ಕು, ನಿತ್ಯವೂ ಮಾಲನ್ನು ಒಯ್ಯುವ ವರ್ತಕನ ಮೇಲೆ ದಾವೆ ಹೂಡಿದರೆ ನಾಳೆ ಮಾಲನ್ನು ಒಯ್ಯುವವರು ಯಾರೆಂದು ಕೇಳಿದರು. ನಮ್ಮ ವಕೀಲರಿಗೂ ಉತ್ತರವು ತೋಚಲಿಲ್ಲ.

ಈ ಪ್ರಶ್ನೆಗೆ ಉತ್ತರವು ಕೊಳ್ಳುವವರಲ್ಲಿಯೇ ಇರಬೇಕಲ್ಲವೆ? ನಮ್ಮ ಸಂಘವು ಶಾಲೆಗಳ ಬಹುಮಾನಕ್ಕಾಗಿ ಪ್ರತಿವರ್ಷವೂ ಪ್ಲಾಸ್ಟಿಕ್ಕಿನ ಬಟ್ಟಲುಗಳನ್ನು ಕೊಳ್ಳುತ್ತಿದ್ದಿತು. ಮುಂದಿನ ಡಿಸೆಂಬರಿನ ಬಹುಮಾನಗಳಿಗೆ ಆಷಾಢದಲ್ಲಿಯೇ ಚನ್ನಪಟ್ಟಣಕ್ಕೆ ಹೇಳುವುದೆಂದೂ, ಅರ್ಧ ಹಣವನ್ನು ಮುಂಗಡವಾಗಿ, ಉಳಿದರ್ಧವನ್ನು ಮಾಲು ಕೈಸೇರಿದ ದಿನವೇ ಕೊಡುವುದೆಂದೂ, ಚೌಕಾಸಿಮಾಡಬಾರದೆಂದೂ ಸಭೆಯಲ್ಲಿ ನಿರ್ಣಯವಾಯಿತು. ಒಂದು ಸಂಘದ ಬಹುಮಾನಗಳಿಂದ ಒಂದು ಬೀದಿಯು ಉದ್ಧಾರವಾಗದೆಂಬುದನ್ನು ನಾವು ಬಲ್ಲೆವು. ಆದರೂ ಮಳೆಗಾಲದಲ್ಲಿ ಒಂದು ಮನೆಯ ಯಂತ್ರವು ನಿಲ್ಲದೆ ತಿರುಗುವುದು.

ವಾಚಕ ಮಹಾಶಯರು ಹೆದ್ದಾರಿಯಲ್ಲಿ ಹೋಗುವಾಗ ಅರ್ಧ ಗಂಟೆಯ ಬಿಡುವು ಮಾಡಿಕೊಂಡು ಹಳೆಯ ದಾರಿಗೆ ಇಳಿಯಲಿ. ಕುಶಲಕರ್ಮಿಯನ್ನು ಹೊಗಳುವುದು ಒಳ್ಳೆಯದು, ಸನ್ಮಾನಿಸುವುದೂ ಒಳ್ಳೆಯದು. ಆದರೆ ಅವನ ಕೂಲಿಯನ್ನು ಬೆವರು ಆರುವ ಮುನ್ನವೇ ಅವನ ಕೈಗೆ ಹಾಕುವುದು ಇವೆರಡಕ್ಕಿಂತಲೂ ಮಿಗಿಲಾದ ಮರ್ಯಾದೆ.