ಎತ್ತರದ ಕಾಲಂ

12 ಜುಲೈ 2022, ಮಂಗಳವಾರ. ಪಲ್ಲಡಂ

ಇವತ್ತಿನ ರಿವ್ಯೂ ಮೀಟಿಂಗಿನಲ್ಲಿ ಹೋದ ತಿಂಗಳು ತೀರಿಕೊಂಡ ಟಿಬಿ ರೋಗಿಗಳ ಪಟ್ಟಿ ಓದಿದರು. ನನ್ನ ಟಿಬಿ ಯೂನಿಟ್ಟಿನ ಹುಡುಗನ ಹೆಸರಿನ ಮುಂದೆ ಷರಾ: ‘ತಡವಾಗಿ ಬಂದ ಕೇಸು’. ಅವನ ಕೆಳಗಿನ ಹೆಸರಿಗೂ ಅದೇ ಷರಾ. ಯಾರೂ ಏನೂ ಕೇಳಲಿಲ್ಲ, ಮುಂದಿನ ಪುಟಕ್ಕೆ ಹೋದರು.

ಒಡಿಶಾದ ಹುಡುಗ, ವಯಸ್ಸು ಇಪ್ಪತ್ತಾರು. ಡೈಯಿಂಗ್ ಯೂನಿಟ್ಟಿನಲ್ಲಿ ಒಂದೂವರೆ ಶಿಫ್ಟ್ ಕೆಲಸ. ಮಾತ್ರೆ ಶುರುವಾದ ಮೂರನೇ ವಾರದಲ್ಲಿ ಹೋಗಿಬಿಟ್ಟ. ನಾನು ಮನೆಗೆ ಹೋದಾಗಲೆಲ್ಲ ಎದ್ದು ನಿಲ್ಲಲು ನೋಡುತ್ತಿದ್ದ, ಕೂತ್ಕೋಪ್ಪಾ ಅಂದರೂ ಕೇಳುತ್ತಿರಲಿಲ್ಲ. ಆ ಷರಾ ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲಿ ತಡವಾಯಿತು ಅಂತ ತಾರೀಕು ಸಮೇತ ಬರೆದು ನೋಡಬೇಕು.

14 ಜುಲೈ, ಗುರುವಾರ

ಅವನ ಜೊತೆಗಾರರಿದ್ದ ಲೈನ್ ಮನೆಗೆ ಹೋಗಿ ಚೀಟಿಗಳನ್ನೆಲ್ಲ ಕೇಳಿ ತಂದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದರು. ಲ್ಯಾಬ್ ರಿಜಿಸ್ಟರನ್ನು ಪಕ್ಕಕ್ಕಿಟ್ಟುಕೊಂಡು ಬರೆದೆ.

ಮೇ 9, ಕೆಮ್ಮು, ಜ್ವರ. ಖಾಸಗಿ ಕ್ಲಿನಿಕ್ಕು, ಇಂಜೆಕ್ಷನ್.
ಮೇ 16, ಅದೇ ಕ್ಲಿನಿಕ್ಕು, ಇನ್ನೊಂದು ಇಂಜೆಕ್ಷನ್, ಐದು ದಿನದ ಆಂಟಿಬಯಾಟಿಕ್.
ಮೇ 30, ಒಂದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ. ಕೆಮ್ಮಿನ ಔಷಧಿ. ಕಫ ಪರೀಕ್ಷೆ ಬರೆದಿಲ್ಲ.
ಜೂನ್ 6, ಕಫ ಕೊಟ್ಟದ್ದು.
ಜೂನ್ 7, ಟ್ರೂನ್ಯಾಟ್ ಪಾಸಿಟಿವ್.
ಜೂನ್ 13, ಮಾತ್ರೆ ಶುರು.
ಜೂನ್ 30.

ಕಫ ಪರೀಕ್ಷೆಗೆ ಮೊದಲೇ ಮೂರು ಸಲ ವೈದ್ಯರ ಎದುರು ಕೂತು ಕೆಮ್ಮಿದ್ದಾನೆ. ಇಲ್ಲಿನ ಕೂಲಿಗೆ ಒಂದು ಬೆಳಗು ಆಸ್ಪತ್ರೆಯಲ್ಲಿ ಕಳೆದರೆ ಶನಿವಾರದ ಸಂಬಳದಲ್ಲಿ ಅಷ್ಟು ಕಡಿತ. ಅದನ್ನು ಬಿಟ್ಟು ಮೂರು ಸಲ ಬಂದವನನ್ನು ತಡವಾಗಿ ಬಂದವನು ಅನ್ನುವುದು ಅನ್ಯಾಯ.

ತರಬೇತಿಯಲ್ಲಿ ಒಬ್ಬ ಹಿರಿಯ ವೈದ್ಯರು ಹೇಳಿದ್ದು ರಾತ್ರಿ ನೆನಪಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದ ಹೊಸತರಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಇವರು ಕಂಡದ್ದೇ ಬೇರೆ. ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಲಕ್ಷಣಗಳು ಗೊತ್ತಿದ್ದವು, ಸುಮಾರು ಅರ್ಧದಷ್ಟು ಜನ ಆಗಲೇ ವೈದ್ಯರ ಹತ್ತಿರ ಹೋಗಿ ಬಂದಿದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಅರವತ್ತು ವರ್ಷದ ಮೇಲೆ ಅದೇ ಬಾಟಲಿಯ ಹೆಸರು ಈ ಹುಡುಗನ ಚೀಟಿಯಲ್ಲೂ ಇದೆ.

17 ಜುಲೈ, ಭಾನುವಾರ

ಜೂನ್ 7ರಿಂದ 13. ಈ ಆರು ದಿನ ಬಿಡಿಸಿ ನೋಡಬೇಕಿತ್ತು. ಟ್ರೂನ್ಯಾಟ್ ಯಂತ್ರ ನಮ್ಮ ದೇಶದ್ದೇ, ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪಗೊಂಡದ್ದು. ಟಿಬಿ ಇದೆಯೋ ಇಲ್ಲವೋ ಎಂದು ಸುಮಾರು ಒಂದು ಗಂಟೆಯಲ್ಲಿ ಹೇಳುತ್ತದೆ. ಹೇಳಿದ ಮೇಲೆ ಏನಾಯಿತು?

ಲ್ಯಾಬಿನ ಅಕ್ಕ ಆ ಸಂಜೆಯೇ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದ್ದಾರೆ. ಅದು ಕೆಲಸಕ್ಕೆ ಕರೆತಂದ ಕಂಟ್ರಾಕ್ಟರನದು, ಅವನು ಊರಿಗೆ ಹೋಗಿದ್ದ. ಟಿಬಿ ರೋಗಿಗಳನ್ನು ದಾಖಲಿಸುವ ನಿಕ್ಷಯ್ ಪೋರ್ಟಲಿನಲ್ಲಿ ಆಧಾರ್ ನೋಡಿ ಒಡಿಶಾದ ವಿಳಾಸ ಹಾಕಿದ್ದರಿಂದ ಹೆಸರು ಅಲ್ಲಿನ ಜಿಲ್ಲೆಗೆ ಹೋಯಿತು. ಅಲ್ಲಿಂದ ವಾಪಸ್ ಇಲ್ಲಿಗೆ ಟ್ರಾನ್ಸ್‌ಫರ್ ಆಗಿ ನನ್ನ ಪರದೆಯ ಮೇಲೆ ಬಂದದ್ದು ಶನಿವಾರ, ಜೂನ್ 11. ಅಷ್ಟೂ ದಿನ ಹುಡುಗ ಮಲಗಿದ್ದ ಲೈನ್ ಮನೆ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ.

ಇದು ಒಡಿಶಾದವರ ಗೋಳು ಮಾತ್ರವಲ್ಲ. 2009ರಲ್ಲಿ ಕೊಯಮತ್ತೂರು, ಈರೋಡುಗಳಿಂದ ಭಾಗ ತೆಗೆದು ತಿರುಪ್ಪೂರು ಜಿಲ್ಲೆ ಮಾಡಿದರು. ಸೋಮನೂರು, ಕರುಮತ್ತಂಪಟ್ಟಿ ಆಚೆ ಜಿಲ್ಲೆಯಲ್ಲಿ ಉಳಿದವು. ಮಗ್ಗ ಅಲ್ಲಿ, ಬನಿಯನ್ ಕಂಪನಿ ಇಲ್ಲಿ. ದಿನಾ ಬೆಳಿಗ್ಗೆ ಕಂಪನಿ ವ್ಯಾನಿನಲ್ಲಿ ಗಡಿ ದಾಟುವವರು ಎಷ್ಟೋ ಮಂದಿ. ಕೆಲಸದ ಜಾಗದಲ್ಲಿ ಕಫ ಕೊಟ್ಟು ಮನೆಯ ವಿಳಾಸ ಬರೆಸಿದರೆ ಕಾಗದ ಜಿಲ್ಲೆ ದಾಟಬೇಕು. ಕೊಡುವ ಆಸ್ಪತ್ರೆಯಲ್ಲಿ ‘ಕಳಿಸಿದೆ’ ಎಂದು ಬರೆಯುವವರಿದ್ದಾರೆ, ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ‘ಬಂತು’ ಎಂದು ಬರೆಯುವವರಿದ್ದಾರೆ. ನಡುವಿನ ದಿನಗಳನ್ನು ಯಾರ ಹೆಸರಿಗೂ ಬರೆದಿಲ್ಲ.

25 ಜುಲೈ, ಸೋಮವಾರ

ಇವತ್ತು ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡದು.

ಏಪ್ರಿಲಿನಿಂದ ತಮಿಳುನಾಡಿನಲ್ಲಿ ‘ಕಾಸನೋಯ್ ಇರಪ್ಪಿಲಾ ತಿಟ್ಟಂ’ ನಡೆಯುತ್ತಿದೆ. ಕ್ಷಯದಿಂದ ಯಾರೂ ಸಾಯಬಾರದು ಎಂಬ ಯೋಜನೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ಜೊತೆಗಿದ್ದಾರೆ. ಇದಕ್ಕೂ ಮೊದಲು 2020ರಲ್ಲಿ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಇಂಥದೇ ತಪಾಸಣೆ ಮಾಡಿ ನೋಡಿದ್ದರಂತೆ. ಟಿಬಿಯಿಂದ ಸಾಯುವವರಲ್ಲಿ ಬಹುಪಾಲು ಮೊದಲ ಎರಡು ತಿಂಗಳಲ್ಲೇ ಹೋಗುತ್ತಾರೆ. ಆದ್ದರಿಂದ ರೋಗ ಗೊತ್ತಾದ ಕೂಡಲೇ ಐದು ವಿಷಯ ನೋಡಬೇಕು: ಎತ್ತರಕ್ಕೆ ತಕ್ಕ ತೂಕ (ಬಿಎಂಐ), ಕಾಲಿನ ಊತ, ಉಸಿರಿನ ವೇಗ, ಬೆರಳಿನಲ್ಲಿ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲುವ ಶಕ್ತಿ. ಬಿಎಂಐ 14 ಅಥವಾ ಅದಕ್ಕೂ ಕಡಿಮೆ, ಇಲ್ಲವೇ 16ರೊಳಗಿದ್ದು ಕಾಲು ಊದಿದ್ದರೆ, ಉಸಿರು ನಿಮಿಷಕ್ಕೆ 24 ದಾಟಿದರೆ, ಆಮ್ಲಜನಕ 94ಕ್ಕಿಂತ ಇಳಿದರೆ, ನಿಲ್ಲಲಾರದಿದ್ದರೆ, ಅಂಥವರನ್ನು ಮನೆಗೆ ಕಳಿಸದೆ ದೊಡ್ಡಾಸ್ಪತ್ರೆಗೆ ಕಳಿಸಿ ದಾಖಲು ಮಾಡಿಸಬೇಕು.

ಹುಡುಗನ ತಪಾಸಣೆ ಕಾರ್ಡಿನಲ್ಲಿ ಆಮ್ಲಜನಕ 95, ಉಸಿರು 22, ಊತ ಇಲ್ಲ, ನಿಲ್ಲುತ್ತಾನೆ. ತೂಕ 38. ಎತ್ತರದ ಜಾಗ ಖಾಲಿ.

ಲೈನ್ ಮನೆಗೆ ಮತ್ತೆ ಹೋದೆ. ಅವನು ಎಷ್ಟು ಎತ್ತರ ಇದ್ದ ಅಂದೆ. ಜೊತೆಗಾರ ತನ್ನ ತಲೆ ಮುಟ್ಟಿ ತೋರಿಸಿ, ನನ್ನಷ್ಟೇ ದೀದಿ, ಒಬ್ಬರ ಪ್ಯಾಂಟು ಒಬ್ಬರು ಹಾಕ್ಕೋತಿದ್ವಿ ಅಂದ. ಅವನನ್ನೇ ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆ. 165 ಸೆಂಟಿಮೀಟರ್. ಲೆಕ್ಕ ಹಾಕಿದರೆ ಬಿಎಂಐ 14ಕ್ಕಿಂತ ಒಂದು ಕೂದಲೆಳೆ ಕೆಳಗೆ. ಆ ಜಾಗ ತುಂಬಿದ್ದರೆ ಅವನು ಜೂನ್ 13ರ ಸಂಜೆ ಮಂಚದ ಮೇಲೆ, ಡ್ರಿಪ್ಪಿನ ಪಕ್ಕ ಇರಬೇಕಿತ್ತು. ಉಳಿಯುತ್ತಿದ್ದ ಅಂತ ನಾನು ಬರೆಯಲಾರೆ. ಉಳಿಯುವ ಒಂದು ಅವಕಾಶ ಅವನಿಗೆ ಇತ್ತು, ಅದು ಸಿಗಲಿಲ್ಲ.

ಅದೇ 38 ಕೆಜಿ 145 ಸೆಂಟಿಮೀಟರಿನ ಹೆಂಗಸಿನದಾದರೆ ಬಿಎಂಐ 18. ತೂಕ ಒಂದನ್ನೇ ನೋಡಿ ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದೇವೆ.

3 ಆಗಸ್ಟ್, ಬುಧವಾರ. ಆಡಿ ಹದಿನೆಂಟು

ಹಬ್ಬದ ಸಂಜೆ. ಪಕ್ಕದ ಮನೆಯ ಅಣ್ಣ ಬನಿಯನ್ ಕಂಪನಿಯಲ್ಲಿ ಲೈನ್ ಸೂಪರ್‌ವೈಸರ್. ಚಿತ್ರಾನ್ನ ಕೊಡಲು ಬಂದವರ ಹತ್ತಿರ ಈ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ: “ಅಮ್ಮಿಣಿ, ಯಾವ ಮೆಷಿನ್ ಮುಂದೆ ಬಂಡಲ್ ಬಿದ್ದಿದೆ ನೋಡಿದ್ಯಾ? ಅದರ ಟೈಲರನ್ನ ಬೈಯೋಕೆ ಮುಂಚೆ, ಅವಳ ಕೈಗೆ ಏನು ಬಂದಿಲ್ಲ ಅಂತ ನೋಡಬೇಕು.” ಏಕೆ ಎಂದು ಐದು ಸಲ ಕೇಳುತ್ತಾ ಹೋಗುವುದನ್ನು ಜಪಾನಿನ ಟೊಯೋಟಾದವರಿಂದ ಅವರ ಕಂಪನಿಯೂ ಕಲಿತಿದೆಯಂತೆ.

ಹಾಗೇ ಕೇಳಿಕೊಂಡೆ. ಹುಡುಗನನ್ನು ಏಕೆ ದಾಖಲು ಮಾಡಲಿಲ್ಲ? ಬಿಎಂಐ ಇರಲಿಲ್ಲ. ಏಕೆ? ಎತ್ತರ ಅಳೆದಿಲ್ಲ. ಏಕೆ? ಎತ್ತರ ಅಳೆಯುವ ಕೋಲು ಬಿಪಿ-ಶುಗರ್ ಕೋಣೆಯಲ್ಲಿದೆ, ಟಿಬಿ ಮೇಜು ಹಿಂದಿನ ಕಟ್ಟಡದಲ್ಲಿದೆ. ಎಷ್ಟೋ ವರ್ಷದಿಂದ ಹಾಗೇ ಇದ್ದರೂ ಯಾರಿಗೂ ಅದು ಕೊರತೆ ಅನಿಸಲಿಲ್ಲ, ಏಕೆ? ಹಳೆಯ ಕಾರ್ಡುಗಳನ್ನು ತೆಗೆದು ನೋಡಿದೆ. ಒಂದರಲ್ಲೂ ತೂಕ ತಪ್ಪಿಲ್ಲ, ಎತ್ತರ ಬರೆದದ್ದು ಅಪರೂಪ. ಮಾತ್ರೆ ಕೊಡುವುದು ತೂಕ ನೋಡಿ. 35ರಿಂದ 49 ಕೆಜಿಗೆ ದಿನಕ್ಕೆ ಮೂರು ಮಾತ್ರೆ. ತೂಕವಿಲ್ಲದೆ ಫಾರ್ಮಸಿಯಲ್ಲಿ ಪೊಟ್ಟಣ ಕೈಗೆ ಬರುವುದಿಲ್ಲ. ಎತ್ತರ ಖಾಲಿ ಬಿಟ್ಟರೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಏಪ್ರಿಲಿನಲ್ಲಿ ಹೊಸ ಕಾರ್ಡು ಬಂತು, ಎತ್ತರದ ಮೇಲೆ ಒಂದು ಜೀವ ನಿಂತಿತು. ಮೇಜಿನ ಹತ್ತಿರ ಕೋಲು ಮಾತ್ರ ಬರಲಿಲ್ಲ.

ಮೂಲ ಇದೇ. ನರ್ಸಮ್ಮನ ಸೋಮಾರಿತನ ಅಲ್ಲ, ರೋಗಿಯ ಅಸಡ್ಡೆಯೂ ಅಲ್ಲ.

19 ಆಗಸ್ಟ್, ಶುಕ್ರವಾರ

ಇದನ್ನೆಲ್ಲ ಬರೆದುಕೊಟ್ಟ ನನ್ನ ಕಾಗದವನ್ನು ಡಾಕ್ಟರಮ್ಮ ಪೂರ್ತಿ ಓದಿದರು. ಟಿಬಿ ಮೇಜಿನ ಹಿಂದಿನ ಗೋಡೆಗೆ ಪೇಂಟರ್ ಕರೆಸಿ ಅಳತೆಯ ಗೆರೆ ಬರೆಸಿದ್ದಾಯಿತು. ಕಫದ ಡಬ್ಬಿ ಕೊಡುವಾಗಲೇ ಎತ್ತರ, ತೂಕ, ಬೆರಳಿನ ಆಮ್ಲಜನಕ ನೋಡಿಬಿಡೋಣ, ಫಲಿತಾಂಶ ಬರುವ ಹೊತ್ತಿಗೆ ಕಾರ್ಡು ತಯಾರಿರುತ್ತದೆ ಅಂದೆ. ಸ್ಟಾಫ್ ನರ್ಸ್ ಒಪ್ಪಲಿಲ್ಲ. ಡಬ್ಬಿ ತೆಗೆದುಕೊಳ್ಳುವವರಲ್ಲಿ ಪಾಸಿಟಿವ್ ಆಗುವವರು ಕೆಲವೇ ಮಂದಿ, ಉಳಿದ ಅಷ್ಟೂ ಜನರನ್ನು ಅಳೆಯಲು ಕೈ ಎಲ್ಲಿದೆ ಎಂದು ಕೇಳಿದರು. ಅವರ ಮಾತು ನ್ಯಾಯವಾದದ್ದೇ. ಬೆಳಗಿನ ಹೊತ್ತು ಅವರೊಬ್ಬರೇ ಇಂಜೆಕ್ಷನ್ನನ್ನೂ ಡ್ರೆಸ್ಸಿಂಗನ್ನೂ ನೋಡಿಕೊಳ್ಳಬೇಕು.

ಕೊನೆಗೆ ತೀರ್ಮಾನವಾದದ್ದು: ಎತ್ತರ, ತೂಕ ಎಲ್ಲರಿಗೂ, ಸಾಲಿನಲ್ಲಿ ನಿಂತಾಗಲೇ, ಆಯಾ ಅಮ್ಮ ಬರೆಯುತ್ತಾರೆ. ಏದುಸಿರು ಇದ್ದವರಿಗೆ, ತೀರಾ ಬಡಕಲಾದವರಿಗೆ ನರ್ಸ್ ಉಳಿದದ್ದನ್ನು ನೋಡುತ್ತಾರೆ. ವಿಳಾಸ ಎರಡು: ಆಧಾರಿನದು ಬೇರೆ, ಇವತ್ತು ರಾತ್ರಿ ಮಲಗುವ ಜಾಗ ಬೇರೆ. ಫೋನ್ ನಂಬರೂ ಎರಡು, ಒಂದು ಪಕ್ಕದ ಕೋಣೆಯವರದು. ಪಾಸಿಟಿವ್ ಬಂದರೆ ಪೋರ್ಟಲಿಗೆ ಕಾಯದೆ ಲ್ಯಾಬಿನಿಂದ ನೇರ ನನಗೆ ಫೋನ್.

15 ಸೆಪ್ಟೆಂಬರ್, ಗುರುವಾರ

ಮೊನ್ನೆ ಕಾರಣಂಪೇಟೆ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ದೇವಾಂಗದವರು, ಮಗ್ಗದ ಮನೆ. ನಾನು ತಾಳವಾಡಿಯವಳು ಅಂದಕೂಡಲೇ ತಮಿಳು ಬಿಟ್ಟು ಮನೆಯ ಕನ್ನಡದಲ್ಲೇ ಮಾತು ಶುರು ಮಾಡಿದರು. ಬೆಳಿಗ್ಗೆ ಡಬ್ಬಿ, ಗೋಡೆಗೆ ನಿಂತದ್ದು, ತೂಕ. ಬಿಎಂಐ 15, ಎರಡೂ ಪಾದ ಊದಿತ್ತು. ಮಧ್ಯಾಹ್ನ ಪಾಸಿಟಿವ್ ಎಂದು ಫೋನ್ ಬಂತು. ಮಗ ಮಗ್ಗ ನಿಲ್ಲಿಸಿ ಬಂದ. ರಾತ್ರಿಯೊಳಗೆ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಇವತ್ತು ಹೋಗಿ ನೋಡಿದೆ, ಗಂಜಿ ಕುಡಿದು ಗೋಡೆಗೊರಗಿ ಕೂತಿದ್ದರು.

ಎಲ್ಲವೂ ಸರಿಹೋಗಿಲ್ಲ. ಖಾಸಗಿ ಕ್ಲಿನಿಕ್ಕುಗಳಲ್ಲಿ ಕಳೆಯುವ ವಾರಗಳನ್ನು ನಾನು ಇನ್ನೂ ಮುಟ್ಟಿಲ್ಲ, ಅದಕ್ಕೆ ಔಷಧಿ ಅಂಗಡಿಯವರನ್ನೂ ಸೇರಿಸಿಕೊಳ್ಳಬೇಕು. ಜಿಲ್ಲೆ ದಾಟುವ ಕಾಗದದ ವಿಷಯ ಮೇಲಿನವರ ಕೈಯಲ್ಲಿದೆ.

ನಾಳೆ ರಿವ್ಯೂ. ಸಾವಿನ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚು ಮಾಡಿ ಎಂದು ಕೇಳುತ್ತೇನೆ: ರೋಗಿ ಕೆಮ್ಮಿಗೆಂದು ಮೊದಲ ಸಲ ಯಾವ ವೈದ್ಯರ ಬಳಿ ಹೋದರೂ ಆ ತಾರೀಕು. ಅದನ್ನು ತುಂಬದೆ ‘ತಡವಾಗಿ ಬಂದ ಕೇಸು’ ಎಂದು ಯಾರೂ ಬರೆಯಕೂಡದು.