ಅಡಕೊತ್ತಿನ ಮೇಲೊಂದು ಗಿಳಿ: ಪುಣೆಯ ಕೇಳಕರ ವಸ್ತುಸಂಗ್ರಹಾಲಯ

ಪುಣೆಗೆ ಹೋದ ನಮ್ಮ ಸೀಮೆಯವರು ಶನಿವಾರವಾಡೆಯನ್ನು ನೋಡುತ್ತಾರೆ. ದಗಡೂಶೇಟ ಗಣಪತಿಗೆ ಕೈಮುಗಿಯುತ್ತಾರೆ. ಲಕ್ಷ್ಮೀ ರಸ್ತೆಯಲ್ಲಿ ಸೀರೆ ಕೊಂಡು ರಾತ್ರಿಯ ಗಾಡಿಗೆ ಮರಳುತ್ತಾರೆ. ಅಲ್ಲಿಂದ ಬಹು ದೂರವಿಲ್ಲದ ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದತ್ತ ಹೊರಳುವವರು ವಿರಳ. ಸೊಲ್ಲಾಪುರದಿಂದ ಸುಮಾರು 250 ಕಿಲೋಮೀಟರು ಪ್ರಯಾಣ ಮಾಡಿ ಅಡುಗೆಮನೆಯ ಹಳೆಯ ಸಾಮಾನುಗಳನ್ನು ನೋಡಿ ಬರುವುದೇ ಎಂದು ಯಾರಾದರೂ ನಕ್ಕಾರು. ನಗಲಿ. ನೋಡಿ ಬರಬೇಕಾದದ್ದು ಅದನ್ನೇ.

ದಿನಕರ ಗಂಗಾಧರ ಕೇಳಕರರು (1896-1990) ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆದವರು. 1920ರ ಸುಮಾರಿಗೆ ಹಳೆಯ ವಸ್ತುಗಳನ್ನು ಕೂಡಿಸತೊಡಗಿ, 1960ರ ಹೊತ್ತಿಗೆ ಸುಮಾರು 15,000 ವಸ್ತುಗಳನ್ನು ಕಲೆಹಾಕಿದರು. ಪತ್ನಿ ಕಮಲಾಬಾಯಿಯವರೂ ಈ ಕಾರ್ಯದಲ್ಲಿ ಸಮಭಾಗಿಗಳಾಗಿದ್ದರು. ಸಂಗ್ರಹಾಲಯದ ಹೆಸರಿನಲ್ಲಿರುವ ‘ರಾಜಾ’ ಎಂಬುದು ಬಿರುದಲ್ಲ. ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಅವರ ಒಬ್ಬನೇ ಮಗನ ಹೆಸರು. ತಮ್ಮ ಜೀವಿತಕಾಲದಲ್ಲಿಯೇ ಅವರು ಇದೆಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಇಂದು 20,000ಕ್ಕೂ ಮಿಕ್ಕಿದ ಈ ಸಂಗ್ರಹದಲ್ಲಿ ಪ್ರದರ್ಶನಕ್ಕಿರುವವು ಸುಮಾರು 2,500. ಅವುಗಳಲ್ಲಿ ಹೆಚ್ಚಿನವು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳವು.

ಅರಸರ ಖಡ್ಗ-ಗುರಾಣಿಗಳನ್ನು ಕಾಯ್ದಿಡುವವರು ಎಲ್ಲೆಡೆಯೂ ಇದ್ದಾರೆ. ನಮ್ಮ ಅಕ್ಕಲಕೋಟೆಯ ಶಸ್ತ್ರಾಗಾರವೇ ಇದಕ್ಕೆ ಸಾಕ್ಷಿ. ಆದರೆ ಗೃಹಿಣಿಯ ಬಾಚಣಿಗೆಯನ್ನೂ ಕರಣಿಕನ ಮಸಿಕುಡಿಕೆಯನ್ನೂ ಕಾಯ್ದಿಟ್ಟವರಾರು? ಕೇಳಕರರ ಕಣ್ಣು ಬಿದ್ದದ್ದು ಅವುಗಳ ಮೇಲೆ. ದೀಪಗಳು, ಬೀಗಗಳು, ಕೆತ್ತನೆಯ ಬಾಗಿಲುಗಳು, ಗೊಂಬೆಗಳು, ವಾದ್ಯಗಳು, ಶ್ಯಾವಿಗೆ ಒತ್ತುವ ಸಾಧನಗಳು ಇಲ್ಲಿ ಸಾಲುಗೊಂಡಿವೆ. ಬಾಜೀರಾಯನು ಕೋಥರೂಡದಲ್ಲಿ ಮಸ್ತಾನಿಗೆ ಕಟ್ಟಿಸಿದ ಮಹಲಿನ ಅವಶೇಷಗಳನ್ನು ತಂದು ಮರಳಿ ಜೋಡಿಸಿದ ಕೋಣೆಯೂ ಇದೆ. ಚಲನಚಿತ್ರ ಕಂಡ ತರುಣರು ಮೊದಲು ಓಡುವುದು ಅಲ್ಲಿಗೆ. ನನ್ನನ್ನು ತಡೆದು ನಿಲ್ಲಿಸಿದ್ದು ಅಡಕೊತ್ತುಗಳು.

ಅಡಕೊತ್ತಿನಲ್ಲಿ ಇರಬೇಕಾದದ್ದು ಎರಡು ತೋಳು, ಒಂದು ಕೀಲು, ಒಂದು ಅಲಗು. ಶಾಲೆಯಲ್ಲಿ ಎರಡನೆಯ ವರ್ಗದ ಸನ್ನೆಗೆ ನಾವು ಕೊಡುವ ಉದಾಹರಣೆಯೇ ಇದು: ಆಧಾರ ಒಂದು ತುದಿಗೆ, ಬಲ ಇನ್ನೊಂದು ತುದಿಗೆ, ನಡುವೆ ಅಡಕೆ. ಅಷ್ಟಿದ್ದರೆ ಕೆಲಸ ಸಾಗುತ್ತದೆ. ಆದರೆ ಹೆಸರು ತಿಳಿಯದ ಆ ಕಮ್ಮಾರರಿಗೆ, ಕಂಚುಗಾರರಿಗೆ ಅಷ್ಟು ಸಾಲಲಿಲ್ಲ. ತೋಳುಗಳೆರಡೂ ಗಂಡುಹೆಣ್ಣಿನ ಜೋಡಿಯಾದವು. ಕೀಲಿನ ಮೇಲೆ ಗಿಳಿಯೋ ನವಿಲೋ ಬಂದು ಕುಳಿತಿತು. ಹಿಡಿಕೆ ಕುದುರೆಯ ಕುತ್ತಿಗೆಯಂತೆ ಬಾಗಿತು. ಅಡಕೆಯನ್ನು ಹೋಳು ಮಾಡಲು ಗಿಳಿಯ ಸಹಾಯ ಬೇಕಿಲ್ಲ. ಅಂಗಾಲು ಉಜ್ಜುವ ವಜ್ರಿಯ ಸಂಗತಿಯೂ ಹೀಗೆಯೇ. ಕೆಳಗೆ ಒರಟಾದ ಮೈ, ಕೈಯಲ್ಲಿ ಹಿಡಿಯುವ ಮೇಲ್ಭಾಗದಲ್ಲಿ ಹಕ್ಕಿಯೋ ಪ್ರಾಣಿಯೋ! ಬಚ್ಚಲಿನ ಕತ್ತಲಲ್ಲಿ ಅದನ್ನು ನೋಡುವವರು ಯಾರು? ಯಾರೂ ನೋಡದಿದ್ದರೂ ಅಂಗೈಗೆ ತಿಳಿಯುತ್ತಿತ್ತು ಎಂದು ನಾನು ಊಹಿಸುತ್ತೇನೆ.

ಇನ್ನೊಂದು ಮಾತು. ಮರಾಠಿಯಲ್ಲಿ ಈ ವಸ್ತುವಿಗೆ ‘ಅಡಕಿತ್ತಾ’ ಎನ್ನುತ್ತಾರೆ. ಅದು ನಮ್ಮ ಅಡಕೊತ್ತಿನಿಂದಲೇ ಹುಟ್ಟಿದ ಶಬ್ದವೆಂದು ಮರಾಠಿ ವಿದ್ವಾಂಸರೂ ಬಗೆಯುತ್ತಾರೆ. ಗಡಿಯ ಗೆರೆ ಎಳೆಯುವುದಕ್ಕೆ ಬಹು ಮುಂಚೆಯೇ ಕನ್ನಡದ ಅಡಕೊತ್ತು ಹೀಗೆ ಮರಾಠಿಯ ತಾಂಬೂಲದ ತಟ್ಟೆಯನ್ನು ಸೇರಿಕೊಂಡಿತ್ತು.

ಉಡಿಗೆಗಳನ್ನು ನೋಡುವಾಗ ನಮ್ಮ ಮನೆಗಳ ಟ್ರಂಕುಗಳು ನೆನಪಿಗೆ ಬಾರದಿರವು. ಕೆಂಪು ಸೆರಗನ್ನು ಒಡಲಿಗೆ ಕೊಂಡಿಹಾಕಿ ಕೂಡಿಸಿದ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಕಸೂತಿ ತೆಗೆದ ಚಂದ್ರಕಾಳಿ ಇವೆಲ್ಲ ಜತ್ತ, ಅಕ್ಕಲಕೋಟೆಗಳ ಮನೆಗಳಲ್ಲಿ ಇಂದಿಗೂ ಸಿಗುತ್ತವೆ. ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರಗಿ, ನೇಗಿ, ಮೆಂತಿಗಳಲ್ಲಿ ಗವಂತಿಯದು ಬೆರಗು ಹುಟ್ಟಿಸುವ ಕೆಲಸ. ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ರ ಒಂದೇ ತೆರನಾಗಿ ಕಾಣಬೇಕು, ಗಂಟು ಕಾಣಕೂಡದು. ಎಳೆ ಎಣಿಸಿ ಹೊಲಿಯುವ ಕಲೆಯಾದ್ದರಿಂದ ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ, ಆನೆಯ ಕಾಲು ಗಿಡ್ಡವಾಗುತ್ತದೆ. ಅಕ್ಷರ ಕಲಿಯದ ಹೆಂಗಳೆಯರು ಪಾಟಿಯಿಲ್ಲದೆ ಮಾಡಿದ ಈ ಗಣಿತಕ್ಕೆ ನಾವು ಮಾಸ್ತರರು ಗುಣ ಹಾಕಲಾರೆವು.

ಪುಣೆಯಿಂದ ಮರಳಿದ ವಾರವೇ ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೆ, ಮನೆಯ ಅಟ್ಟದಿಂದ ಒಂದೊಂದು ಹಳೆಯ ವಸ್ತುವನ್ನು ತರಲು ಹೇಳಿದೆ. ಕಾರ್ಯಾನುಭವದ ತಾಸಿಗೆ ಮಿರುಗುವ ಕಾಗದವನ್ನೇ ಕತ್ತರಿಸಿ ಬೇಸತ್ತಿದ್ದ ಮಕ್ಕಳು ಉತ್ಸಾಹದಿಂದ ತಂದರು. ಅಜ್ಜನ ಎಲೆಯಡಿಕೆಯ ಚಂಚಿ ಬಂತು, ಕಾಡಿಗೆಯ ಕರಡಿಗೆ ಬಂತು, ಸಿಂಬಿ ಬಂತು, ಹಿತ್ತಾಳೆಯ ಪಾವು ಬಂತು. ಬರಿಗೈಯಿಂದ ಬಂದವರೂ ಇದ್ದರು. “ಸರ, ನಮ್ಮನ್ಯಾಗ ಎಲ್ಲಾ ಗುಜರಿಯವಗ ಕೊಟ್ಟಾರ” ಎಂದನೊಬ್ಬ. ಹಿತ್ತಾಳೆಗೆ ಕಿಲೋದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಹಿಡಿಕೆಯ ಮೇಲಿನ ಗಿಳಿಗೆ ಬೇರೆ ಬೆಲೆಯಿಲ್ಲ.

ಆದರೆ ನನ್ನನ್ನು ಕಾಡಿದ್ದು ಹೆಸರುಗಳು. ತಂದ ವಸ್ತುಗಳಲ್ಲಿ ಅರ್ಧದಷ್ಟಕ್ಕೆ ಮಕ್ಕಳಿಗೆ ಯಾವ ಭಾಷೆಯ ಹೆಸರೂ ತಿಳಿದಿರಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ದೂರದರ್ಶನದಲ್ಲಿ ಹಿಂದಿ ಕೇಳಿ ಬೆಳೆಯುವ ಮಗು ಸಿಂಬಿಯನ್ನು ಎತ್ತಿಹಿಡಿದು “ಇದು… ಇದು” ಎಂದು ನಿಂತುಬಿಟ್ಟಿತು. ಬಳಕೆ ತಪ್ಪಿದ ಮೇಲೆ ಹೆಸರು ಎಷ್ಟು ದಿನ ಬಾಳೀತು? ಮನೆಗೆ ಹೋಗಿ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದೆ. ಮರುದಿನ ಚೀಟಿಗಳು ಬಂದವು. ಎರಡು ಭಾಷೆಯ ಹೆಸರಿದ್ದಲ್ಲಿ ಎರಡನ್ನೂ ಬರೆಸಿದೆವು. ಒಂದು ಕಪಾಟಿನ ನಡುವಿನ ಖಾನೆ ಈಗ ಅವಕ್ಕೆ ಮೀಸಲು.

ಒಬ್ಬ ಹುಡುಗಿಯ ಅಜ್ಜಿ ಮಾತ್ರ ತನ್ನ ಕೌದಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನಾವೇ ಮನೆಗೆ ಹೋದೆವು. ಹಾಸಿ ತೋರಿಸುತ್ತ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಹೇಳಿದರು: ಇದು ತನ್ನ ಮದುವೆಯ ಖಣ, ಇದು ಅತ್ತೆಯ ಸೀರೆಯ ಸೆರಗು, ಇದು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗುತ್ತಿದ್ದ ಯಜಮಾನರ ಅಂಗಿ. ನೀಲಿ ಚೌಕಳಿಯ ಸಣ್ಣ ತುಂಡೊಂದರ ಹತ್ತಿರ ಬೆರಳು ನಿಂತಿತು. ಅದು ಯಾರದೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಶಾಲೆಯ ಪ್ರದರ್ಶನಕ್ಕೆ ಒಂದು ವಾರವಾದರೂ ಕೊಡಬಾರದೇ ಎಂದು ವಿನಂತಿಸಿದಾಗ ನಕ್ಕುಬಿಟ್ಟರು.

“ನೀವ ಇಟ್ಕೊಂಡ್ರ ಥಂಡ್ಯಾಗ ನಾ ಏನ್ ಹೊಚ್ಕೊಳ್ಳಲಿ, ಮಾಸ್ತರ?”

ಆಕೆಯ ಮಾತೂ ನ್ಯಾಯವೇ. ಮೊಮ್ಮಗಳು ಕೌದಿಯ ಚಿತ್ರವನ್ನು ಚೌಕಳಿ ವಹಿಯಲ್ಲಿ ತುಂಡು ತುಂಡಾಗಿ ಬಣ್ಣದ ಪೆನ್ಸಿಲಿನಿಂದ ಬರೆಯುತ್ತಿದ್ದಾಳೆ. ಪ್ರತಿ ತುಂಡಿನ ಕೆಳಗೆ ಅಜ್ಜಿ ಹೇಳಿದ ಮಾತು. ನಾಲ್ಕು ಪುಟಗಳಾಗಿವೆ, ಇನ್ನೂ ಎರಡು ಸಾಲು ಉಳಿದಿವೆ.